ತಾನೇ ಎತ್ತಿದ ಕೈ

ತೊಂಬತ್ತರ ದಶಕದ ಮಾತು. ತಿಪಟೂರಿನ ಮೈದಾನದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಫೈನಲ್. ಸೀಟಿ ಕತ್ತಿಗೆ ಹಾಕಿಕೊಂಡು ನಾನು, ಆ ತುದಿಯಲ್ಲಿ ಜೊತೆಯ ರೆಫರಿ, ಮೇಜಿನ ಹಿಂದೆ ಸ್ಕೋರು ಬರೆಯುವ ಮೇಷ್ಟ್ರು. ಅವರು ಕೊಟ್ಟ ಕುರ್ಚಿ ಬೇಡವೆಂದು ನೆಲದ ಮೇಲೇ ಕೂತ ಒಬ್ಬ ಅಜ್ಜಿ. ಹುಳಿಯಾರು ಕಡೆಯ ಕುರಿ ಸಾಕುವವರ ಹಟ್ಟಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ತಿಪಟೂರು ತಂಡದ ಉದ್ದನೆಯ ಹುಡುಗಿ ಅವರ ಮೊಮ್ಮಗಳು.

ಆಟಕ್ಕೆ ಮೊದಲೇ ನನ್ನನ್ನು ಕರೆದು ಹೇಳಿದ್ದರು: "ನೋಡಪ್ಪಾ, ಚಡ್ಡಿ ಹಾಕ್ಕಂಡು ಕುಣೀತಾಳೆ ಅಂತ ಹಟ್ಟೀಲಿ ಆಡ್ಕತಾವ್ರೆ. ಇದೇ ಕೊನೆ. ಇನ್ಮೇಲೆ ಕಳ್ಸಲ್ಲ."

"ಆಟ ನೋಡ್ಬುಟ್ಟು ಹೇಳಜ್ಜಿ."

"ನೋಡಾಕೇ ಬಂದಿರಾದು ಕಣಪ್ಪ. ಕಣ್ಣು ಚೆನ್ನಾಗವೆ."

ಆಗ ಒಂದು ನಿಯಮವಿತ್ತು. ರೆಫರಿ ಫೌಲ್ ಎಂದು ಸೀಟಿ ಊದಿದರೆ, ಮಾಡಿದವರು ಮೇಜಿನವರಿಗೆ ಕಾಣುವಂತೆ ಕೈ ಎತ್ತಬೇಕು. ನಮ್ಮ ಕಡೆಯ ಮಕ್ಕಳು ಅದನ್ನು ಪಾಲಿಸುತ್ತಿದ್ದುದು ತಮ್ಮದೇ ರೀತಿಯಲ್ಲಿ: ಕೈಯನ್ನು ಕಿವಿಯವರೆಗೆ ತಂದು, ತಲೆ ಕೆರೆದು, ಇಳಿಸಿಬಿಡುವುದು. ಐದನೆಯ ಫೌಲಿಗೆ ಆಟದಿಂದಲೇ ಹೊರಗೆ. ಆಗಂತೂ ಯಾರ ಕೈಯೂ ಏಳುತ್ತಿರಲಿಲ್ಲ.

ಆಟದ ಕೊನೆಯ ಗಳಿಗೆ, ಎರಡೂ ತಂಡ ಸಮಸಮ. ಉದ್ದನೆಯ ಹುಡುಗಿಗೆ ಆಗಲೇ ನಾಲ್ಕು ಫೌಲ್. ಬುಟ್ಟಿಯ ಕೆಳಗೆ ಎಲ್ಲರೂ ಒಟ್ಟಿಗೆ ಜಿಗಿದರು, ಎದುರು ತಂಡದಲ್ಲಿ ಚೆಂಡು ಎಸೆಯುತ್ತಿದ್ದವಳ ಮೊಣಕೈಗೆ ಪೆಟ್ಟು ಬಿತ್ತು. ಸೀಟಿ ಊದಿದೆ. ಪೆಟ್ಟು ಕಂಡಿತ್ತು, ಹೊಡೆದ ಕೈ ಯಾರದೆಂದು ಕಂಡಿರಲಿಲ್ಲ. ಪಕ್ಕದ ಗಿಡ್ಡ ಹುಡುಗಿಯದೇ ಇರಬೇಕೆಂದು ಅತ್ತ ತಿರುಗುವಷ್ಟರಲ್ಲಿ ಅಜ್ಜಿಯ ಮೊಮ್ಮಗಳು ಕೈ ಎತ್ತಿ ನಿಂತಿದ್ದಳು. ಕಿವಿಯವರೆಗಲ್ಲ, ಪೂರ್ತಿ ಮೇಲಕ್ಕೆ.

"ಥೂ, ಇಳ್ಸೇ ಕೈಯ!" ಎಂದು ಗೆಳತಿ ಜಗ್ಗಿದಳು. ಕೈ ಇಳಿಯಲಿಲ್ಲ. ಐದನೆಯ ಫೌಲು; ಮೊಮ್ಮಗಳನ್ನು ಹೊರಗೆ ಕಳಿಸಿದೆ.

ಅಜ್ಜಿ ಎದ್ದೇ ಬಿಟ್ಟರು. "ಯಾಕಪ್ಪಾ ನಮ್ ಕೂಸ್ನ ಓಡ್ಸ್ದೆ? ಯಾರ್ನ ಕೊಂದ್ಲು?"

"ಅವಳು ಹೊಡೆದಿದ್ದು ನಂಗೇ ಕಂಡಿರಲಿಲ್ಲ ಅಜ್ಜಿ. ನಂದೇ ತಪ್ಪು ಅಂತ ಅವಳಾಗೇ ಕೈ ಎತ್ತಿದ್ಲು."

"ಆಚ್ಗೆ ಕಳಿಸ್ತಾರೆ ಅಂತ ಗೊತ್ತಿದ್ದೂನಾ?"

"ಗೊತ್ತಿದ್ದೇ."

ಅಜ್ಜಿ ಮೆಲ್ಲಗೆ ಕೂತರು. ಅಳುತ್ತಾ ಬಂದ ಹುಡುಗಿಯನ್ನು ಪಕ್ಕಕ್ಕೆಳೆದು, ಸೆರಗಿನಿಂದ ಮುಖ ಒರೆಸಿ, "ಸುಮ್ಕಿರೇ, ಆಟ ನೋಡಾನ," ಎಂದರು. ಎದುರಿನವರು ಆ ಫೌಲಿಗೆ ಸಿಕ್ಕ ಎರಡು ಎಸೆತವನ್ನೂ ಬುಟ್ಟಿಗೆ ಹಾಕಿ ಗೆದ್ದರು.

ಮುಂದಿನ ಸೋಮವಾರ ಸಂಜೆ ಮೈದಾನದ ಪಕ್ಕ ಹಾದು ಹೋಗುತ್ತಿದ್ದೆ. ಹುಡುಗಿ ಅಭ್ಯಾಸಕ್ಕೆ ಬಂದಿದ್ದಳು. ಅಂಚಿನ ತೆಂಗಿನ ಮರಗಳ ಕೆಳಗೆ ಅಜ್ಜಿ ಉಣ್ಣೆ ನೂಲುತ್ತಾ ಕೂತಿದ್ದರು.