ಮುತ್ಯಾನ ಧ್ವನಿ ಇದ್ದ ಡಬ್ಬಿ

ನಮ್ಮ ಮನೆಯಲ್ಲಿ ಕಂಪ್ಯೂಟರಿಗೂ ವಿಭೂತಿ ಹಚ್ಚುತ್ತಿದ್ದ ದಿನಗಳವು. ಕಾಕಾ ಬೀದರಿನಿಂದ ತಂದಿದ್ದ ಹಳೆಯ ಕಂಪ್ಯೂಟರೊಂದು ಗಡಿಯಾಚೆ ತೆಲುಗು ಸೀಮೆಯ ಕಂಗ್ಟಿಯಲ್ಲಿದ್ದ ನಮ್ಮ ಮನೆಯ ಪತ್ರಾಸಿನ, ತಗಡು ಹೊದಿಸಿದ ಕೋಣೆಯಲ್ಲಿತ್ತು. ಬೆಳಿಗ್ಗೆ ಪೂಜೆ ಮುಗಿಸಿದ ನಮ್ಮಜ್ಜಿ, ಅಂದರೆ ಆಯಿ, ಹೊಸ್ತಿಲಿಗೆ, ಎಮ್ಮೆಯ ಹಣೆಗೆ ಹಚ್ಚಿದ ಹಾಗೆಯೇ ಅದರ ಸಿಪಿಯು ಡಬ್ಬಿಗೂ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ಅದೂ ಸರಿಯಾಗಿ ಗಾಳಿ ಹೋಗುವ ತೂತುಗಳ ಮೇಲೆ! ನಾವು ನಕ್ಕರೆ "ನಗಬ್ಯಾಡ್ರಿ, ಒಳಗ ಹಿರೇರು ಅದಾರ" ಅನ್ನುತ್ತಿದ್ದಳು.

ಒಳಗಿದ್ದದ್ದು ನಮ್ಮ ಮುತ್ಯಾನ, ಅಂದರೆ ಅಜ್ಜನ ಧ್ವನಿ. ಅವನು ತೀರಿಕೊಳ್ಳುವ ಕೆಲವು ತಿಂಗಳ ಮೊದಲು ಕಾಕಾ ಮೈಕು ಹಿಡಿದು ಏನಾದರೂ ಮಾತಾಡು ಅಂದಿದ್ದ. ಮುತ್ಯಾ ಕೆಮ್ಮಿದ. "ಏನ್ ಮಾತಾಡ್ಲಿಪಾ ಇದ್ರ ಕೂಡ?" ಅಂದ. ತೊಗರಿ ಈ ಸಲ ಛಲೋ ಬಂದದ ಅಂದ. ಕೊನೆಗೆ ಬೇಸರವಾಗಿ ಅಡುಗೆಮನೆ ಕಡೆ ತಿರುಗಿ "ಏ ಶಿವಮ್ಮಾ, ಚಾ ಆತೇನ?" ಎಂದು ಕೂಗಿದ. ಅಷ್ಟು ವರ್ಷದ ಸಂಸಾರದಲ್ಲಿ ಮಂದಿಯೆದುರು ಆಯಿಯನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಅವನು ಹೋದ ಮೇಲೆ ಕಾಕಾ ದಿನಾ ಚಹಾದ ಹೊತ್ತಿಗೆ ಕಂಪ್ಯೂಟರಿನಲ್ಲಿ ಆ ಧ್ವನಿ ಹಚ್ಚುತ್ತಿದ್ದ. ಆಯಿ ಒಲೆಯ ಮುಂದೆಯೇ ಸೆರಗು ಸರಿಮಾಡಿಕೊಂಡು "ಆತ್ರಿ, ಬಂದೆ" ಅನ್ನುತ್ತಿದ್ದಳು. ಬೇರೆಲ್ಲೂ ಅದರ ನಕಲಿರಲಿಲ್ಲ. ನಾಳೆ ಪೆನ್ ಡ್ರೈವಿಗೆ ಹಾಕಿಡೋಣ ಅಂತ ಕಾಕಾ ಪ್ರತಿ ವಾರ ಅನ್ನುತ್ತಿದ್ದ.

ಅದು ಬೇಸಿಗೆ ಸೂಟಿ, ನನಗೆ ಹತ್ತು ವರ್ಷ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಎಲ್ಲರೂ ಅಡ್ಡಾದ ಮೇಲೆ ನಾನು ಕದ್ದು ಕಾರಿನ ಆಟ ಆಡುತ್ತಿದ್ದೆ. ಡಬ್ಬಿಯ ಫ್ಯಾನು ಗುರ್ರೆನ್ನುತ್ತಿತ್ತು. ಕಾಕಾ ಎದ್ದರೆ ನನ್ನ ಬೆನ್ನು ಹುಡಿ. ಅದಕ್ಕೆ ಆಯಿ ಹೊದೆಯುವ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹೊದಿಸಿಬಿಟ್ಟೆ. ಎಂಥ ಜಾಣತನ ಅಂತ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೂ ಉಂಟು. ಮೂರನೇ ದಿನ ಆಟದ ನಡುವೆಯೇ ಪರದೆ ಕಪ್ಪಾಯಿತು, ಸುಟ್ಟ ರಬ್ಬರಿನ ವಾಸನೆ ಬಂತು. ಡಬ್ಬಿ ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಕೌದಿ ಮಡಿಚಿಟ್ಟು ಆಯಿಯ ಪಕ್ಕ ಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ಕಾಕಾ ಬಟನ್ ಒತ್ತಿದ. ಹಸಿರು ದೀಪ ಹತ್ತಿತು, ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದ, ಮತ್ತೆ ಅಷ್ಟೇ. ವೈರು ಬದಲಿಸಿದ. ಪಕ್ಕದ ಮುಚ್ಚಳ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ರ್‍ಯಾಮ್ ಪಟ್ಟಿ ಕಿತ್ತು ನನ್ನ ಕಂಪಾಸಿನ ರಬ್ಬರಿನಿಂದ ತಿಕ್ಕಿ ಕೂರಿಸಿದ. ಗುಂಡಿಯಂಥ ಸೆಲ್ ತೆಗೆದು ಹಾಕಿದ. ಒಂದು ಬೀಪ್ ಕೂಡ ಇಲ್ಲ. ಟಾರ್ಚು ಹಿಡಿದು ನಿಂತ ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಒಳಗೆ ಚಹಾ ಕುದಿದು ಕುದಿದು ಕಹಿ ವಾಸನೆ ಹೊಡೆಯುತ್ತಿತ್ತು.

"ಯಾಕ, ಇನ್ನಾ ಕೂಗವಲ್ರು?" ಆಯಿ ಕೇಳಿದಳು.

ಕಾಕಾ ನನ್ನನ್ನು ಹಿಂದೆ ಕೂರಿಸಿಕೊಂಡು, ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಹತ್ತಿರದ ಪೇಟೆ ನಾರಾಯಣಖೇಡಕ್ಕೆ ಬೈಕು ಹೊಡೆದ. ರಿಪೇರಿ ಅಂಗಡಿಯ ಸಲೀಂ ಭಾಯಿ ಬಿಚ್ಚಿ ನೋಡಿ, "ಗರಮ್ ಆಗಿ ಬೋರ್ಡ್ ಖಲಾಸ್ ಆಗ್ಯದ. ಹಾರ್ಡ್ ಡಿಸ್ಕ್ ಉಳ್ದಿದ್ರ ಸಿಗ್ತದ ನೋಡ್ರಿ" ಅಂದ. ಅದನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದ. ಕಟ್, ಕಟ್ ಎಂದು ಸದ್ದಾಯಿತು, ಅಷ್ಟೇ. "ಇದೂ ಹೋಗ್ಯದ."

"ಇನ್ನೊಮ್ಮೆ ನೋಡ್ರಿ ಭಾಯಿ. ನಮ್ಮಪ್ಪನ ಧ್ವನಿ ಅದ ಅದ್ರಾಗ," ಅಂದ ಕಾಕಾ. ಸಲೀಂ ಭಾಯಿ ಮತ್ತೆರಡು ಸಲ ನೋಡಿದ. ಆಮೇಲೆ ಒಳಗಿನ ಫ್ಯಾನು ಬಿಚ್ಚಿ ತೋರಿಸಿದ. ಬಿಳಿ ಪುಡಿ ಮೆತ್ತಿಕೊಂಡಿತ್ತು. "ಏನ್ರಿ ಇದು, ಸುಣ್ಣ?"

ಕಾಕಾ ಮನೆಗೆ ಬಂದವನೇ ಆಯಿಯ ಮೇಲೆ ಹರಿಹಾಯ್ದ. "ಅವ್ವಾ, ನಿನ್ನ ವಿಭೂತಿ ಅದ್ರ ಗಾಳಿ ಕಟ್ಟ್ಯದ. ಅಪ್ಪನ ಧ್ವನಿ ಹೋತು."

ಆಯಿ ತನ್ನ ಬಲಗೈ ನೋಡಿಕೊಂಡಳು. "ನಾನೇ ಕೆಡಿಸಿದ್ನೇನಪಾ?" ಅಂದಳು.

ಹೇಳಬೇಕಿದ್ದದ್ದು ಆಗ. ವಿಭೂತಿ ಹಚ್ಚಿಸಿಕೊಂಡೂ ವರ್ಷವೆಲ್ಲ ಓಡಿದ್ದ ಡಬ್ಬಿ ಅದು, ಉಸಿರುಗಟ್ಟಿಸಿದವಳು ನಾನು. ಬಾಯಿ ತೆರೆದೆ, ಕಾಕಾನ ಮುಖ ನೋಡಿ ಮುಚ್ಚಿಕೊಂಡೆ. ಮರುದಿನದಿಂದ ಆಯಿ ಎಮ್ಮೆಗೂ ವಿಭೂತಿ ಹಚ್ಚಲಿಲ್ಲ.

ಆದರೆ ಧ್ವನಿ ಪೂರಾ ಹೋಯಿತು ಅಂದರೆ ಅವಳು ಒಪ್ಪಲಿಲ್ಲ. ನಮ್ಮ ಟಿವಿ ಕೆಟ್ಟರೆ ಪಕ್ಕದ ಮನೆಯಲ್ಲಿ ಧಾರಾವಾಹಿ ಬರುವುದಿಲ್ಲವೇ, ಹಾಗೆ ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ ಅನ್ನುವುದು ಅವಳ ನಂಬಿಕೆ. ಮುಂದಿನ ವರ್ಷ ಆಧಾರ್ ಕಾರ್ಡಿನ ಕೆಲಸಕ್ಕೆ ಅವಳ ಜೊತೆ ನಾರಾಯಣಖೇಡಕ್ಕೆ ಹೋಗಿದ್ದೆ. ಆಯಿಯ ತವರು ಬೀದರ್ ಕಡೆ, ತೆಲುಗು ಬಾರದು. ಅವಳ ಪರವಾಗಿ ನಾನೇ ಮಾತಾಡಬೇಕು. ಕಂಪ್ಯೂಟರ್ ಮುಂದಿದ್ದ ಹುಡುಗಿಯನ್ನು ಆಯಿ ಕೇಳಿಯೇಬಿಟ್ಟಳು.

"ತಾಯೀ, ನಿಮ್ಮದ್ರಾಗ ನಮ್ಮನ್ಯಾವರ ಧ್ವನಿ ಅದೇನ, ನೋಡ್ತೀರೇನ? ಶಿವಮ್ಮಾ ಅಂತ ಕೂಗ್ತಾರ್ರಿ." ತನ್ನ ಹೆಸರು ಹೇಳುವಾಗ ನಾಚಿಕೊಂಡಳು.

ಅಜ್ಜಿ ಏನನ್ನುತ್ತಾಳೆ ಎಂದು ಹುಡುಗಿ ತೆಲುಗಿನಲ್ಲಿ ನನ್ನನ್ನು ಕೇಳಿದಳು. ಹೆಸರು ಸರಿಯಾಗಿ ಬಂದಿದೆಯೇ ಅಂತ ಕೇಳುತ್ತಿದ್ದಾಳೆ ಅಂದೆ. ಹುಡುಗಿ ನಕ್ಕು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಆಯಿ ಅದರ ಹತ್ತಿರ ಕಿವಿ ಒಯ್ದು ಕಾದಳು. ತುಂಬ ಹೊತ್ತು ಕಾದಳು.

"ಇಲ್ಲಂತ, ಆಯಿ," ಅಂದೆ.

ಆಯಿ ಹೋಗಿಯೂ ವರ್ಷಗಳಾದವು. ಈಗ ನನ್ನ ಫೋನಿನಲ್ಲಿ ಯಾರು ಯಾರದೋ ಮಾತುಗಳು ತುಂಬಿಕೊಂಡಿವೆ, ಅಳಿಸಲೂ ಪುರುಸೊತ್ತಿಲ್ಲ. ಮುತ್ಯಾ ಅಂದು ಆಡಿದ್ದನ್ನು ಒಂದಕ್ಷರ ಬಿಡದೆ ಹೇಳಬಲ್ಲೆ. ಧ್ವನಿ ಹೇಗಿತ್ತು ಅನ್ನುವುದು ಮಾತ್ರ ಎಷ್ಟು ತಿಣುಕಿದರೂ ಬರುವುದಿಲ್ಲ. ಮೊನ್ನೆ ಕಾಕಾನನ್ನು ಕೇಳಿದೆ. "ನನಗೂ ನೆನಪಾಗವಲ್ದು" ಅಂದ. ಅವನಿಗೂ ಕೌದಿಯ ವಿಷಯ ಹೇಳಲಾಗಲಿಲ್ಲ.