ಸೀರಂ ಹೇಳಿದ್ದೂ ನಾನು ಹೇಳಿದ್ದೂ

ಮೊನ್ನೆ ನನ್ನ ಸೊಸೆ ಊಟದ ಮೇಜಿನ ಮೇಲೆ ಒಂದು ಚಪ್ಪಟೆ ಡಬ್ಬಿ ತಂದಿಟ್ಟಳು. ಬಸುರು ಪರೀಕ್ಷೆಯ ಪಟ್ಟಿ. ಕನ್ನಡಕ ಏರಿಸಿ ಓದಿದೆ: ಮಾನೊಕ್ಲೋನಲ್ ಆಂಟಿಬಾಡಿ. ಹೆಸರೇನೋ ಪಂಚಾಂಗದಷ್ಟು ಉದ್ದ, ಕೆಲಸ ಮಾತ್ರ ಹಳೆಯದೇ. ಬಸುರಾದಾಗ ಹೆಣ್ಣಿನ ಮೈಯಲ್ಲಿ ಹುಟ್ಟುವ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುವುದು. ಹಾಸ್ಟೆಲಿನಿಂದ ಬಂದ ಮೊಮ್ಮಗಳು ಬೆಳಿಗ್ಗೆ ವಾಂತಿ ಮಾಡಿದ್ದಳು, ಅದಕ್ಕೇ ಈ ಏರ್ಪಾಟು. ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆ ಅಂತೀರಾ? ಕೇಳಿ.

ಎಪ್ಪತ್ತರ ದಶಕದಲ್ಲಿ ನಾನು ಶ್ರೀರಾಂಪುರದಿಂದ ಚಿತ್ರದುರ್ಗಕ್ಕೆ ಟೀಚರ್ ಟ್ರೈನಿಂಗಿಗೆ ಹೋದವಳು. ನಮ್ಮ ಕಡೆಯ ಹುಡುಗಿಗೆ ಆ ಸೀಟು ಸಿಗುವುದೆಂದರೆ ಹುಡುಗಾಟವಲ್ಲ. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕಲು ಈಜು ಬರಬೇಕಿತ್ತು. ಅರೆಹೊಟ್ಟೆಯಲ್ಲಿ ಮುಟ್ಟು ನಿಂತಿತು, ಒಂದು ದಿನ ತಲೆ ಸುತ್ತಿ ಬಿದ್ದೆ. ವಾರ್ಡನ್ನಮ್ಮನಿಗೆ ಅಷ್ಟೇ ಸಾಕಾಯಿತು. "ನಾನು ಅಂಥೋಳಲ್ಲ ಮೇಡಂ" ಎಂದು ಅಳುತ್ತ ಹೇಳಿದೆ. "ನೀ ಹೇಳೋದೇನೈತೆ, ಲ್ಯಾಬಿನೋರು ಹೇಳ್ತಾರೆ ಬಾ" ಎಂದು ಎಳೆದುಕೊಂಡು ಹೋದಳು.

ಲ್ಯಾಬಿಗೆ ಆಗಷ್ಟೇ ಬಸುರು ನೋಡುವ ಹೊಸ ಸೀರಂ ಬಂದಿತ್ತು. ಆಗ ಈ ಮಾನೊಕ್ಲೋನಲ್ ಎಲ್ಲ ಎಲ್ಲಿಂದ ಬರಬೇಕು, ಮೊಲದ ರಕ್ತದಿಂದ ತೆಗೆದದ್ದು. ಲ್ಯಾಬಿನ ಮಹಾಶಯ ಗಾಜಿನ ಮೇಲೆ ನನ್ನ ಮೂತ್ರದ ಹನಿ, ಸೀರಂ, ಆಮೇಲೆ ಹಾಲಿನಂಥ ಇನ್ನೊಂದು ಹನಿ ಕಲಸಿ ಅಲ್ಲಾಡಿಸಿದ. ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು. ರಕ್ತದ ಗುಂಪು ನೋಡಿ ನೋಡಿ ರೂಢಿಯಾದ ಕಣ್ಣು ಅವನದು. ಅಲ್ಲಿ ಗಂಟು ಕಟ್ಟಿದರೆ ಇದೆ ಎಂದೇ ಲೆಕ್ಕ. "ಐತ್ರಿ ಮೇಡಂ, ನೋಡ್ರಿ ಹೆಂಗ್ ಕಟ್ಟೈತೆ" ಎಂದ. ಆದರೆ ಈ ಪರೀಕ್ಷೆಯಲ್ಲಿ ಎಲ್ಲ ತಲೆಕೆಳಗು: ಬಸುರಿನ ಪ್ರೋಟೀನು ಇದ್ದರೆ ಸೀರಂ ಅದಕ್ಕೇ ಅಂಟಿ ಮುಗಿದುಹೋಗುತ್ತದೆ, ಗಂಟು ಕಟ್ಟಿದರೆ ಬಸುರಿಲ್ಲ. ಆ ಪುಣ್ಯಾತ್ಮನಿಗೆ ಅದು ಗೊತ್ತಿರಲಿಲ್ಲ.

ಮಾರನೆಯ ದಿನ ಅಪ್ಪ ಬಂದು ನನ್ನ ಟ್ರಂಕು ಎತ್ತಿಕೊಂಡರು. ಮನೆಯಲ್ಲಿ ಅವ್ವ ಬಾಗಿಲು ಹಾಕಿ, "ಯಾರದು ಹೇಳೇ, ಮಾನ ಕಳದ್ಯಲ್ಲೇ" ಎಂದಳು. ಇಲ್ಲವ್ವ ಎಂದರೆ ಕೆನ್ನೆಗೆ ಬಿಟ್ಟಳು.

ಆಮೇಲೆ ಆದದ್ದು ನಗೆಪಾಟಲು. ಲ್ಯಾಬಿನವನು ಹೊಸ ಸೀರಂ ತೋರಿಸಿ ಮೆರೆಯಲು ತನ್ನ ಬಸುರಿ ಹೆಂಡತಿಗೇ ಪರೀಕ್ಷೆ ಮಾಡಿದನಂತೆ. ಗಾಜಿನ ಮೇಲೆ ಒಂದು ಗಂಟೂ ಇಲ್ಲ! "ಹಂಗಾರೆ ಇದೇನ್ರಿ?" ಎಂದು ಆಕೆ ಹೊಟ್ಟೆ ತೋರಿಸಿ ಉಗಿದಳಂತೆ. ಆಗ ಬುದ್ಧಿ ಬಂತು. ಸುದ್ದಿ ನಮ್ಮೂರು ಮುಟ್ಟುವಷ್ಟರಲ್ಲಿ ನನ್ನ ಸೀಟು ಇನ್ನೊಬ್ಬರಿಗೆ ಹೋಗಿತ್ತು. ಹೋಗಿ ಕೇಳಿದರೆ "ಆಗಿದ್ದಾಯ್ತು ಬಿಡಮ್ಮ" ಎಂದಳು ವಾರ್ಡನ್ನಮ್ಮ. ನಾನು ಟೀಚರ್ ಆಗಲೇ ಇಲ್ಲ.

ಸುದ್ದಿ ಬಂದ ದಿನ ಅವ್ವ ಖುಷಿಗೆ ಹೋಳಿಗೆ ಮಾಡಿದಳು. ನಾನು ಮುಟ್ಟಲಿಲ್ಲ. ಸೀರಂ ಹೇಳಿದ್ದೂ ನಾನು ಹೇಳಿದ್ದೂ ಒಂದೇ ಮಾತು. ಅದರ ಮಾತು ತಪ್ಪಾಗಿ ತಿಳಿದಾಗಲೂ ನಂಬಿದರು, ಸರಿಯಾಗಿ ತಿಳಿದಾಗಲೂ ನಂಬಿದರು. ನನ್ನನ್ನು ಎರಡು ಸಲವೂ ನಂಬಲಿಲ್ಲ. ಅವ್ವ ತೀರಿಕೊಂಡು ಎಷ್ಟೋ ಕಾಲವಾಯಿತು, ಈ ಸಿಟ್ಟು ಮಾತ್ರ ಹೋಗಿಲ್ಲ ನೋಡಿ.

"ಏನೇ, ಆ ಹುಡ್ಗೀನ ಒಂದ್ ಮಾತು ಕೇಳಿದ್ಯಾ?" ಎಂದೆ ಸೊಸೆಗೆ.

"ಕೇಳಿದ್ರೆ ನಿಜ ಹೇಳ್ತಾಳಾ ಅತ್ತೆ?"

ನಾನೇ ಮೊಮ್ಮಗಳ ಕೋಣೆಗೆ ಹೋಗಿ ಕೇಳಿದೆ.

"ಅಂಥದ್ದೇನೂ ಇಲ್ಲಜ್ಜಿ. ನಿನ್ನೆ ಬಸ್ ಸ್ಟ್ಯಾಂಡಲ್ಲಿ ಬೋಂಡಾ ತಿಂದಿದ್ದೆ."

"ಸರಿ, ಎದ್ದು ಬಾ. ಮಜ್ಜಿಗೆ ಅನ್ನ ಕಲಸಿಕೊಡ್ತೀನಿ."

ಹುಡುಗಿ ಏಳದೆ ನನ್ನ ಮುಖವನ್ನೇ ನೋಡಿದಳು. "ಅಮ್ಮ ತಂದಿರೋದ್ರಾಗೆ ನೋಡೋದು ಬ್ಯಾಡ್ವಾ?"

"ನೀ ಹೇಳಿದ್ಯಲ್ಲ" ಎಂದೆ.