ಒಂದೇ ಸಲ ಕೇಳಿದ ಅಧ್ಯಕ್ಷೆ

ಪ್ರಜಾಪ್ರಭುತ್ವದ ಭವಿಷ್ಯವು ವಿದ್ವಾಂಸರ ಗಂಭೀರ ಚರ್ಚೆಯನ್ನು ಅವಲಂಬಿಸಿದೆ. ವಿದ್ವಾಂಸರ ಗಂಭೀರ ಚರ್ಚೆಯಾದರೋ, ಮಧ್ಯಾಹ್ನದ ಬಿರಿಯಾನಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಅವಲಂಬಿಸಿದೆ.

ದುಬೈ ಮೆಟ್ರೋ ಇನ್ನೂ ಹೊಸದಾಗಿದ್ದ ವರ್ಷಗಳು. ಅಬುಧಾಬಿಯ ವಿಶ್ವವಿದ್ಯಾಲಯವೊಂದರಲ್ಲಿ ತುಲನಾತ್ಮಕ ರಾಜಕಾರಣದ ಮೇಲೆ ಸಂಶೋಧನಾ ಕಮ್ಮಟ. ದುಬೈಯಲ್ಲಿ ಪಾಠ ಹೇಳಿಕೊಂಡಿದ್ದ ನನ್ನನ್ನೂ ಕರೆದಿದ್ದರು. ನರೆತ ತಲೆಯೊಂದು ಮುಂದಿನ ಸಾಲಿನಲ್ಲಿದ್ದರೆ ಸಭೆಗೆ ತೂಕ ಬರುತ್ತದೆಂದು ಇರಬೇಕು. ಪಕ್ಕದಲ್ಲಿ ಕೂತವಳು ನನ್ನ ಹಳೆಯ ವಿದ್ಯಾರ್ಥಿನಿ, ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರವಳು. ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿ ಮನೆ, ಹಗಲು ಆಸ್ಪತ್ರೆಯ ಕಚೇರಿ, ಉಳಿದ ಹೊತ್ತು ಪಿಎಚ್.ಡಿ. ಒಂದು ಲೇಖನವಾದರೂ ಅಚ್ಚಾಗದೆ ಪ್ರಬಂಧ ಒಪ್ಪಿಸುವಂತಿಲ್ಲ ಎಂಬುದು ಅವಳು ಓದುತ್ತಿದ್ದಲ್ಲಿನ ನಿಯಮ. ಕಮ್ಮಟದ ಲೇಖನಗಳಲ್ಲಿ ಆಯ್ದ ಕೆಲವು ಪುಸ್ತಕವಾಗುವುದಿತ್ತು. ಅವಳು ರಜೆ ಹಾಕಿ ಬಂದದ್ದು ಆ ಪುಸ್ತಕಕ್ಕಾಗಿ.

ಅವಳ ವಿಷಯ, ಇಲ್ಲಿರುವ ನಮ್ಮ ಕರಾವಳಿಯ ಕೊಂಕಣಿಗರ ಸಂಘವೂ ಬ್ಯಾರಿಗಳ ಸಂಘವೂ ಅಧ್ಯಕ್ಷರನ್ನು ಆರಿಸುವ ಬಗೆ. ಎರಡರಲ್ಲೂ ಮತದಾನವೆಂಬ ಒರಟುತನವಿಲ್ಲ. ಊಟವಾದ ಮೇಲೆ ಹಿರಿಯರೊಬ್ಬರು ಹೆಸರು ಹೇಳುತ್ತಾರೆ. ಆ ಹೆಸರಿನವ, ನನಗಿಂತ ಯೋಗ್ಯರಿದ್ದಾರೆ ಅನ್ನಬೇಕು. ಮತ್ತೆ ಕೇಳುತ್ತಾರೆ, ಮತ್ತೆ ಬೇಡ ಅನ್ನಬೇಕು. ಆಮೇಲೆ ಒತ್ತಾಯಕ್ಕೆ ಮಣಿದವನ ಮುಖ ಮಾಡಿ ಒಪ್ಪಬೇಕು. ಮೊದಲ ಸಲವೇ ಹೂಂ ಅಂದವ ಕುರ್ಚಿಯ ಆಸೆಬುರುಕ. ಅವನ ಕತೆ ಅಲ್ಲಿಗೆ ಖಲಾಸ್. ಇದನ್ನು ಅವಳು ಎಷ್ಟು ಚೆಂದ ಮಂಡಿಸಿದಳೆಂದರೆ, ಬಿರಿಯಾನಿ ಬಂದದ್ದೇ ಯಾರಿಗೂ ಗೊತ್ತಾಗಲಿಲ್ಲ.

ಊಟದ ನಂತರ ಕಮ್ಮಟದ ಅಧ್ಯಕ್ಷೆ, ಉತ್ತರ ಯುರೋಪಿನ ನೇರ ಮಾತಿನ ಪ್ರಾಧ್ಯಾಪಕಿ, ಪುಸ್ತಕಕ್ಕೆ ಲೇಖನ ಕೊಡುತ್ತೀರಾ ಎಂದು ಎಲ್ಲರೆದುರು ಅವಳನ್ನೇ ಮೊದಲು ಕೇಳಿದರು. ಇವಳು ತಲೆ ತಗ್ಗಿಸಿ, ಬೇಡ ಮೇಡಂ, ನನ್ನದಕ್ಕಿಂತ ಒಳ್ಳೆಯವು ಇವೆಯಲ್ಲ ಅಂದಳು. ಅಧ್ಯಕ್ಷೆ ಆ ಪ್ರಾಮಾಣಿಕತೆಗೆ ಮೆಚ್ಚಿ, ಜಾಗವನ್ನು ಈಜಿಪ್ಟಿನ ವಿದ್ವಾಂಸರೊಬ್ಬರಿಗೆ ಕೊಟ್ಟು ಮುಂದಿನ ವಿಷಯಕ್ಕೆ ಹೋದರು.

"ಎಂತ ಮಾರಾಯ್ತಿ, ಯಾಕೆ ಬೇಡ ಅಂದದ್ದು?" ಎಂದು ಪಿಸುಗುಟ್ಟಿದೆ.

"ಇನ್ನೊಂದ್ಸಲ ಕೇಳ್ತಾರಲ್ಲ ಸರ್?" ಅಂದಳು.

ಕೇಳಬೇಕಾದವರು ಹಾಳೆ ಮಗುಚುತ್ತಿದ್ದರು. ನಾನು ಎದ್ದೆ. ಸಂವಿಧಾನ ಬರೆಯಲು ಕೂತ ಸಭೆಯಲ್ಲಿ ಎದ್ದವನ ಗಾಂಭೀರ್ಯದಿಂದ, ಮಾನ್ಯರು ಇದೀಗ ಕಂಡದ್ದು ನಿರಾಕರಣೆಯಲ್ಲ, ಬೆಳಿಗ್ಗೆ ಕೇಳಿದ ಲೇಖನದ ಪ್ರಾತ್ಯಕ್ಷಿಕೆ ಎಂದು ನಿವೇದಿಸಿದೆ.

ಮೊದಲು ನಕ್ಕವರು ಈಜಿಪ್ಟಿನವರು. ತಮ್ಮ ಕಡೆ ಮೊದಲ ಸಲಕ್ಕೆ ಚಹಾವನ್ನು ಕೂಡ ಯಾರೂ ಒಪ್ಪುವುದಿಲ್ಲ ಎಂದರು. ತಮ್ಮ ಲೇಖನ ಹೇಗೂ ಬೇರೆ ಕಡೆ ಅಚ್ಚಿಗೆ ಹೋಗುವುದಿದೆ, ಜಾಗ ಅವಳಿಗೇ ಇರಲಿ ಎಂದರು. ಅಧ್ಯಕ್ಷೆಗೆ ಅಷ್ಟರಲ್ಲಿ ನಮ್ಮ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಇದು ಮೊದಲನೆಯ ಬೇಡವೋ, ನಿಜವಾದ ಬೇಡವೋ ಎಂದು ಈಜಿಪ್ಟಿನವರನ್ನು ವಿಚಾರಿಸಿದರು. ಸಭೆ ಮೇಜು ತಟ್ಟಿ ನಕ್ಕಿತು. ನಿಜವಾದದ್ದೇ ಎಂದು ಅವರು ಎದೆ ಮುಟ್ಟಿಕೊಂಡು ಹೇಳಿದ ಮೇಲೆ ಅಧ್ಯಕ್ಷೆ ಇವಳ ಕಡೆ ತಿರುಗಿ ಎರಡನೆಯ ಸಲ ಕೇಳತೊಡಗಿದರು.

ಪದ್ಧತಿಯ ಪ್ರಕಾರ ಇನ್ನೊಂದು ಬೇಡ ಬಾಕಿಯಿತ್ತು. ನನಗೆ ಒಳಗೊಳಗೇ ಅಂಜಿಕೆ.

"ಆಯ್ತು ಮೇಡಂ, ಕೊಡ್ತೇನೆ," ಅಂದಳು, ಪ್ರಶ್ನೆ ಮುಗಿಯುವ ಮೊದಲೇ.

ಲೇಖನ ಪುಸ್ತಕದ ಎರಡನೆಯ ಅಧ್ಯಾಯವಾಗಿ ಅಚ್ಚಾಯಿತು. ಅವಳು ಪ್ರಬಂಧ ಒಪ್ಪಿಸಿದಳು.